ಎರಡಕ್ಷರದ ಉಪಕಾರ

ಮಂಗಳವಾರ, ಹಾಸನದ ಬಸ್ ಸ್ಟ್ಯಾಂಡು.
ಅಂಗಡಿ ತೆರೆಯಲು ಇನ್ನೂ ಅರ್ಧ ಗಂಟೆ.
ಹೊಟ್ಟೆಯಲ್ಲಿ ಬಿಸಿ ತಟ್ಟೆ ಇಡ್ಲಿ, ಮನಸ್ಸಿನಲ್ಲಿ
ಯಾರಿಗಾದರೂ ಏನಾದರೂ ಒಳ್ಳೆಯದು ಮಾಡಿಬಿಡುವ
ಕಾರಣವಿಲ್ಲದ ಒಂದು ಹುರುಪು.

ಕಂಬದ ಪಕ್ಕ ಅವನು ನಿಂತಿದ್ದ.
ಬಿಳಿ ಕೋಲು, ಹೆಗಲಿಗೆ ಸುರುಳಿ ಸುತ್ತಿದ ಬೆತ್ತದ ಕಟ್ಟು.
ಕಿವಿಯನ್ನು ಬಸ್ಸುಗಳ ಕಡೆ ತುಸು ಓರೆ ಮಾಡಿಕೊಂಡು,
ಮಗ್ಗಿ ಒಪ್ಪಿಸುವ ಹುಡುಗನ ತಪ್ಪಿಗೆ ಕಾದ ಮೇಷ್ಟರ ಹಾಗೆ.

'ಎಲ್ಲಿಗೆ ಯಜಮಾನ್ರೆ?' ಅಂದೆ.
'ಅರ...' ಅಂದ. ಉಳಿದದ್ದನ್ನು
ಹಿಂದಕ್ಕೆ ಬರುತ್ತಿದ್ದ ಬಸ್ಸಿನ ಸೀಟಿ ನುಂಗಿತು.
ನುಂಗಲಿ, ನನಗೇನು? ಎರಡಕ್ಷರ ಸಾಕಾಯಿತು.
ಆಚೆ ಬದಿಗೆ ನಿಂತಿತ್ತಲ್ಲ ಅರಸೀಕೆರೆ ಬಸ್ಸು,
ಗುರುಗುಟ್ಟುತ್ತ, ಈಗಲೋ ಆಗಲೋ.
ಕಟ್ಟು ಕಸಿದೆ. ರಟ್ಟೆ ಹಿಡಿದೆ. 'ಬನ್ನಿ ಬನ್ನಿ, ಹೊರಡ್ತಾ ಐತೆ!'
ಅವನೇನೋ ಹೇಳುತ್ತಿದ್ದ. ಸಂಕೋಚ ಅಂದುಕೊಂಡೆ.
ಹೊರಗೆ ನೋಡಿಕೊಂಡು ಹೋಗಲೆಂದು
ಕಿಟಕಿ ಪಕ್ಕದ ಸೀಟಿನಲ್ಲೇ ಕೂರಿಸಿದೆ.
ರೈಟ್, ರೈಟ್. ಕೈ ಬೀಸಿದೆ.
ಯಾರಿಗೆ?

ಕಡ್ಲೆಕಾಯಿ ಮಾರುವ ಪುಟ್ಟಲಿಂಗಮ್ಮ ಎಲ್ಲ ನೋಡಿದ್ದಳು.
'ಜವರಯ್ಯನ್ನ ಅದ್ಯಾಕ್ ಸಾರ್ ಆ ಬಸ್ಸಿಗ್ ತುಂಬುದ್ರಿ?
ವಾರವಾರ ಅರಕಲಗೂಡಿಗೆ ಹೋಗೋನು,
ಆಫೀಸ್ನೋರ ಕುರ್ಚಿಗೆ ಬೆತ್ತ ಹೆಣ್ಯಕ್ಕೆ.
ಏಳು ಕಂಬ ಎಣಿಸ್ಕಂಡು ಬಂದು
ಸರ್ಯಾಗಿ ಅವನ ಜಾಗದಲ್ಲೇ ನಿಂತಿದ್ನಲ್ಲ.'

ಅರಕಲಗೂಡು. ಅರಸೀಕೆರೆ.
ಒಂದು ಗೊರೂರಿನ ಮೇಲೆ, ಇನ್ನೊಂದು ದುದ್ದದ ಮೇಲೆ,
ಒಂದಕ್ಕೊಂದು ಬೆನ್ನು ಕೊಟ್ಟು ಓಡುವ ದಾರಿಗಳು.

ನಾನು ಯಾರೆಂದು ಹೇಳಲೇ? ಔಷಧಿ ಅಂಗಡಿಯವನು.
ಇಪ್ಪತ್ತೆರಡು ವರ್ಷದಿಂದ ಡಾಕ್ಟರ ಕೋಳಿಕಾಲು ಬರಹವನ್ನು
ಬೆಳಕಿಗೆ ಹಿಡಿದು ಎರಡೆರಡು ಸಲ ಓದುವವನು.
ಹೆಸರು ಹತ್ತಿರದ ಮಾತ್ರೆಗಳನ್ನು ದೂರದ ಖಾನೆಗಳಲ್ಲಿಟ್ಟು
ಕೆಂಪು ಪಟ್ಟಿ ಅಂಟಿಸಿದವನು.
ಹೊಸ ಹುಡುಗನಿಗೆ ಬೈದಿದ್ದೇನೆ:
'ಮೊದಲಕ್ಷರ ನೋಡಿ ಮಾತ್ರೆ ಕೊಟ್ಟರೆ
ಕೊನೆಯಕ್ಷರಕ್ಕೆ ಹೆಣ ಬೀಳುತ್ತೆ ಕಣೋ.'

ದುಡ್ಡಿನ ಕೆಲಸಕ್ಕೆ ಎರಡು ಸಲ ಓದುವವನು
ಪುಣ್ಯದ ಕೆಲಸಕ್ಕೆ ಒಂದು ಸಲವೂ ಕೇಳಲಿಲ್ಲ.
ಒಳ್ಳೆಯ ಮನಸ್ಸಿಗೆ ಚೀಟಿ ಬೇಡವೆಂದು
ಯಾರು ಹೇಳಿಕೊಟ್ಟರು ನನಗೆ?
ಅರೆ ಕೇಳಿ, ಅರೆ ತಿಳಿದು, ಪೂರಾ ಉಬ್ಬಿದ್ದೆ.
ಅರೆ ಎಂಬುದು ಅರಿ ಆಗಲು
ಬೇಕಿದ್ದದ್ದು ಒಂದೇ ಒಂದು ಗುಡಿಸು.

ವಿಚಾರಣೆಯ ಕಿಟಕಿಗೆ ಓಡಿ, ಕಂಡಕ್ಟರನ ನಂಬರು ಬೇಡಿ,
ಫೋನು ಸಿಗುವಷ್ಟರಲ್ಲಿ
ದುದ್ದದಲ್ಲಿ ಇಳಿಸಿಯಾಗಿತ್ತಂತೆ.
ಎದುರು ಬಸ್ಸಿಗೆ ಬಿಸಿಲಲ್ಲಿ ಮುಕ್ಕಾಲು ಗಂಟೆ.
ಆವತ್ತಿನ ಎರಡು ಕುರ್ಚಿಯ ಕೂಲಿ ಹೋಯಿತು.
ನನ್ನದೇನೂ ಹೋಗಲಿಲ್ಲ. ಸಂಜೆ ಗಲ್ಲಾ ಎಣಿಸಿದೆ,
ಸರಿಯಾಗಿತ್ತು.

ಮುಂದಿನ ಮಂಗಳವಾರ ಒಂದು ಮಾರು ದೂರ ನಿಂತು
'ನಾನೇ, ಆವತ್ತಿನ ಉಪಕಾರಿ' ಎಂದೆ.
ನಕ್ಕ. 'ಗೊತ್ತಾಯ್ತು, ಟಿಂಚರ್ ವಾಸ್ನೆ.
ಕೈ ಬ್ಯಾಡಿ ಸ್ವಾಮಿ, ಕೈ ನಂಗೂ ಐತೆ.
ಬೋರ್ಡ್ ಓದಿ ಹೇಳಿ, ಸಾಕು.'

ಬಂತೊಂದು. ಕೂಗಿದೆ: 'ಅರಕಲಗೂಡು!'
'ಪೂರ್ತಿ ಓದುದ್ರಾ?'
ಕನ್ನಡಕ ಒರೆಸಿಕೊಂಡೆ. ಬೋರ್ಡಿನ ಮೂಲೆಯಲ್ಲಿ
ಗಾಜಿನ ಧೂಳಿನ ಹಿಂದೆ, ಸಣ್ಣಗೆ: ತಡೆರಹಿತ.
'ಹಂಗಾರೆ ನಂದಲ್ಲ. ಇವತ್ತು ಗೊರೂರು ಸ್ಕೂಲಲ್ಲಿ ಕೆಲ್ಸ'
ಎಂದು ಕೋಲು ನೆಲಕ್ಕೂರಿದ.

ಬಸ್ಸು ಹೋಯಿತು. ಅಂಗಡಿಗೆ ಹೊತ್ತಾಗಿತ್ತು.
ನಿಂತೇ ಇದ್ದೆ, ತಿರುವಿನಲ್ಲಿ ಇನ್ನೊಂದು ಬಸ್ಸಿನ ಹಣೆ ಕಾಣುವ ತನಕ,
ಒಂದನೇ ಕ್ಲಾಸಿನವನ ಹಾಗೆ
ಅಕ್ಷರ ಅಕ್ಷರ ಕೂಡಿಸುತ್ತ,
ತುಟಿ ಅಲ್ಲಾಡಿಸುತ್ತ.